ಎಲ್‌ಇಡಿ ಬಲ್ಬಿಗೆ ಡಿಮ್ಮರ್: ನಾನು ಅಳವಡಿಸುವ ಬಗೆ

ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಕೊಳ್ಳುವ ಮೊದಲು ನಾನು ಓದುವುದು ಬಲ್ಬಿನ ಪೆಟ್ಟಿಗೆಯನ್ನು. ಅದರ ಮೇಲೆ ‘ಡಿಮ್ಮಬಲ್’ ಎಂದಿಲ್ಲದಿದ್ದರೆ ಆ ಬಲ್ಬು ಬೇಡ. ಸಾದಾ ಎಲ್‌ಇಡಿಯ ಡ್ರೈವರ್ (ಬಲ್ಬಿನೊಳಗೆ ಕರೆಂಟನ್ನು ಹದಗೊಳಿಸುವ ಸರ್ಕ್ಯೂಟ್), ವೋಲ್ಟೇಜ್ ಇಳಿದರೂ ಅಷ್ಟೇ ಬೆಳಕು ಕೊಡಲು ಹೆಣಗುತ್ತದೆ. ಡಿಮ್ಮರಿಗೆ ಹಾಕಿದರೆ ಮಿಟುಕುತ್ತದೆ, ಬಿಸಿಯಾಗಿ ಬೇಗ ಕೆಡುತ್ತದೆ.

ಮುಕ್ಕಾಲು ಪಾಲು ತೊಂದರೆಯೆಲ್ಲ ಲೋಡಿನ, ಅಂದರೆ ಬಲ್ಬುಗಳ ಒಟ್ಟು ವ್ಯಾಟಿನ, ಲೆಕ್ಕದ್ದು. ಫಿಲಮೆಂಟ್ ಬಲ್ಬಿನ ಕಾಲದ ಡಿಮ್ಮರಿನ ಮೇಲೆ 40–400 ವ್ಯಾಟ್ ಎಂದಿದೆ ಅನ್ನಿ. 7 ವ್ಯಾಟಿನ 4 ಬಲ್ಬು ಸೇರಿದರೂ 28 ವ್ಯಾಟ್. ಡಿಮ್ಮರಿನೊಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಯಾಕ್ ಆನ್ ಆಗಿ ನಿಲ್ಲುವಷ್ಟು ಕರೆಂಟೇ ಹರಿಯದೆ ನಡುವೆ ಕಡಿದುಹೋಗುತ್ತದೆ, ಬಲ್ಬು ಪಟಪಟ ಮಿಟುಕುತ್ತದೆ. ಹಾಗಂತ 400 ವ್ಯಾಟಿನವರೆಗೆ ಎಲ್‌ಇಡಿ ತುಂಬುವಂತೆಯೂ ಇಲ್ಲ. ಡ್ರೈವರಿನ ಕೆಪಾಸಿಟರ್ ಪ್ರತಿ ಅರ್ಧ ಸೈಕಲ್‌ನಲ್ಲೂ ಕ್ಷಣಕಾಲ ಭಾರಿ ಕರೆಂಟ್ ಎಳೆಯುತ್ತದೆ. ಎಲ್‌ಇಡಿಗೆಂದು ಬೇರೆ ಅಂಕಿ ಕೊಡದ ಡಿಮ್ಮರಿನಲ್ಲಿ ನಾನು ಹತ್ತನೇ ಒಂದು ಪಾಲು ದಾಟುವುದಿಲ್ಲ. ಇಲ್ಲಿ ಅದು 40 ವ್ಯಾಟ್, ಕನಿಷ್ಠ ಲೋಡೂ ಅಷ್ಟೇ. ಇಂಥದ್ದನ್ನು ಬದಲಾಯಿಸುವುದೇ ಸರಿ.

ನನ್ನ ಆಯ್ಕೆ ಟ್ರೇಲಿಂಗ್ ಎಡ್ಜ್ ಡಿಮ್ಮರ್. ಅದು ಎಸಿ ಕರೆಂಟಿನ ಪ್ರತಿ ಅರ್ಧ ಅಲೆಯ ಕೊನೆಯನ್ನು ಕತ್ತರಿಸುತ್ತದೆ; ವೋಲ್ಟೇಜ್ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಗುಂಯ್ ಎನ್ನುವ ಸದ್ದು ಕಡಿಮೆ. ಒಂದು ಡಿಮ್ಮರಿಗೆ ಒಂದೇ ಕಂಪನಿಯ, ಒಂದೇ ಮಾದರಿಯ ಬಲ್ಬುಗಳು. ಬೆರೆಸಿದರೆ ಒಂದು ಆರಿದಾಗ ಇನ್ನೊಂದು ಉರಿಯುತ್ತಿರುತ್ತದೆ.

ಎಂಸಿಬಿ ಇಳಿಸಿ, ಟೆಸ್ಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ವೈರಿಗೆ ಕೈ. ಫೇಸ್ ಡಿಮ್ಮರಿನ ಇನ್‌ಪುಟ್‌ಗೆ, ಅಲ್ಲಿಂದ ಬಲ್ಬಿಗೆ. ನ್ಯೂಟ್ರಲ್ ಟರ್ಮಿನಲ್ ಇದ್ದರೆ ಅದಕ್ಕೂ ವೈರ್ ಕೊಡಬೇಕು. ಬಳಿಕ ಡಿಮ್ಮರಿನ ಕನಿಷ್ಠ ಬೆಳಕನ್ನು ಹೊಂದಿಸುವ ಟ್ರಿಮ್ ಸ್ಕ್ರೂ, ಹಲವರು ಮುಟ್ಟದೇ ಬಿಡುವುದು ಇದನ್ನೇ. ನಾಬ್ ತೀರಾ ಕೆಳಗಿಟ್ಟು, ಮಿಟುಕು ನಿಲ್ಲುವವರೆಗೆ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತೇನೆ. ಅಲ್ಲೇ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಎಲ್ಲ ಬಲ್ಬೂ ಹೊತ್ತಬೇಕು. ಹೊತ್ತದಿದ್ದರೆ ಇನ್ನೊಂದಿಷ್ಟು ಮೇಲಕ್ಕೆ.

ಬಲ್ಬು 10% ವರೆಗೆ ಇಳಿಯುತ್ತದೆ ಎಂದರೆ ಕತ್ತಲಾಗುತ್ತದೆ ಎಂದಲ್ಲ. ಮೀಟರಿನ 10% ನಮ್ಮ ಕಣ್ಣಿಗೆ ಸುಮಾರು ಮೂರನೇ ಒಂದು ಪಾಲು ಬೆಳಕಾಗಿ ಕಾಣುತ್ತದೆ. ಮಲಗುವ ಕೋಣೆಗೆ 1% ವರೆಗೆ ಇಳಿಯುವಂಥದ್ದೇ ಬೇಕು.

ಆಫ್ ಮಾಡಿದ ಮೇಲೂ ಬಲ್ಬು ಮಸುಕಾಗಿ ಉರಿಯುತ್ತಿದ್ದರೆ, ಅದು ನ್ಯೂಟ್ರಲ್ ಇಲ್ಲದ ಟಚ್ ಅಥವಾ ರಿಮೋಟ್ ಡಿಮ್ಮರಿನ ಮೂಲಕ ಸೋರುವ ಕರೆಂಟ್ ಇರಬಹುದು. ಡಿಮ್ಮರ್ ತಯಾರಕರೇ ಕೊಡುವ ಬೈಪಾಸ್ ತುಂಡನ್ನು ಬಲ್ಬಿನ ಎರಡು ವೈರುಗಳ ನಡುವೆ ಹಾಕಿದರೆ ನಿಲ್ಲುತ್ತದೆ.

12 ಅಥವಾ 24 ವೋಲ್ಟಿನ ಸ್ಟ್ರಿಪ್ ಲೈಟಿನ ಲೆಕ್ಕ ಬೇರೆ: ಅಡಾಪ್ಟರ್ ಮತ್ತು ಸ್ಟ್ರಿಪ್ ನಡುವೆ ಪಿಡಬ್ಲ್ಯೂಎಂ ಡಿಮ್ಮರ್ (ಕರೆಂಟನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ಬೆಳಕು ಇಳಿಸುವಂಥದ್ದು) ಬರಬೇಕು, ಗೋಡೆಯ ಡಿಮ್ಮರ್ ಅಲ್ಲ.