ಹೊಸ ಎಕ್ಸಾಸ್ಟ್ ಫ್ಯಾನ್ ತಿರುಗ್ತಿಲ್ವಾ? ವಾಪಸ್ ಕೊಡೋ ಮುಂಚೆ ಇಷ್ಟು ನೋಡಿ

ಅಡುಗೆಮನೆಗೆ ಹೊಸದಾಗಿ ಹಾಕ್ಸಿದ ಎಕ್ಸಾಸ್ಟ್ ಫ್ಯಾನ್ ಸ್ವಿಚ್ ಹಾಕಿದ್ರೂ ಅಲ್ಲಾಡ್ತಿಲ್ಲ ಅಂದ್ರೆ ತಕ್ಷಣ ಮೋಟರ್ ಹೋಗಿದೆ ಅಂದ್ಕೋಬೇಡಿ. ಮೊದ್ಲು ಕಿವಿಗೊಟ್ಟು ಕೇಳಿ. ಗುಂಯ್ ಅಂತಿದ್ರೆ ಕರೆಂಟ್ ಬರ್ತಿದೆ ಅಂತ ಅರ್ಥ, ಹಾಗೇ ಬಿಟ್ರೆ ಮೋಟರ್ ಬಿಸಿಯಾಗುತ್ತೆ, ಎಂಸಿಬಿ (ಮೀಟರ್ ಬೋರ್ಡಲ್ಲಿ ಕರೆಂಟ್ ಕಟ್ ಮಾಡೋ ಸ್ವಿಚ್) ಆಫ್ ಮಾಡಿ ರೆಕ್ಕೆನ ಕೈಯಲ್ಲಿ ತಿರುಗಿಸಿ ನೋಡಿ. ನಮ್ಮನೇಲಿ ಆಗಿದ್ದು ಇದೇ, ಗೋಡೆ ತೂತು ಸ್ವಲ್ಪ ಸೊಟ್ಟ ಇತ್ತು, ನಾಲ್ಕೂ ಸ್ಕ್ರೂ ಬಿಗಿಯಾಗಿ ಕೂರ್ಸಿದ್ದಕ್ಕೆ ಫ್ರೇಮೇ ತಿರುಚ್ಕೊಂಡು ರೆಕ್ಕೆ ತುದಿ ಒಂದು ಕಡೆ ಉಜ್ತಿತ್ತು, ಗೀರು ಕೂಡ ಬಿದ್ದಿತ್ತು, ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದ್ಮೇಲೆ ಸಲೀಸಾಗಿ ತಿರುಗ್ತು. ರೆಕ್ಕೆ ಫ್ರೀಯಾಗಿದ್ದೂ ಬರೀ ಗುಂಯ್ ಅಂದ್ರೆ ಮೋಟರ್ ಸ್ಟಾರ್ಟ್ ಆಗೋಕೆ ಸಹಾಯ ಮಾಡೋ ಕೆಪಾಸಿಟರ್ ನೋಡಿಸಿ.

ಸದ್ದೇ ಇಲ್ಲ ಅಂದ್ರೆ ಸಾಮಾನ್ಯವಾಗಿ ವೈರಿಂಗ್. ಟೆಸ್ಟರ್ ಉರೀತು ಅಂತ ನಂಬ್ಬೇಡಿ, ಅದು ಫೇಸ್ (ಕರೆಂಟ್ ತರೋ ವೈರ್) ಮಾತ್ರ ತೋರ್ಸುತ್ತೆ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಕಟ್ಟಾಗಿದ್ರೂ ಉರಿಯುತ್ತೆ. ಎಲೆಕ್ಟ್ರಿಷಿಯನ್ ಹತ್ರ ಅದೇ ಪಾಯಿಂಟಿಗೆ ಬಲ್ಬ್ ಹಚ್ಚಿ ನೋಡೋಕೆ ಹೇಳಿ. ಎಷ್ಟೋ ಸಲ ಕನೆಕ್ಟರಲ್ಲಿ ವೈರಿನ ಪ್ಲಾಸ್ಟಿಕ್ ಸಿಪ್ಪೆ ಮೇಲೇ ಸ್ಕ್ರೂ ಕೂತಿರುತ್ತೆ, ತಾಮ್ರಕ್ಕೆ ತಾಗೇ ಇರಲ್ಲ. 230 ವೋಲ್ಟ್ ಸ್ವಾಮಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಮೇನ್ ಆಫ್ ಮಾಡೇ ಕೈ ಹಾಕಿ. ಮೆಟಲ್ ಫ್ಯಾನ್ ಆದ್ರೆ ಶಾಕ್ ಹೊಡೀದಂಗೆ ಕಾಪಾಡೋ ಅರ್ತ್ ವೈರ್ ಹಾಕೋದು ಬಿಡಲೇಬೇಡಿ, ಅಡುಗೆಮನೇಲಿ ಕೈ ಯಾವಾಗ್ಲೂ ಒದ್ದೆ ಇರುತ್ತೆ.