ಬೀಜ ತೆಗೆಸಿದರೂ ಕುದುರೆಯ ಹಾರಾಟ ನಿಂತಿಲ್ವಾ? ಕಾರಣ ಹುಡುಕುವುದು ಹೀಗೆ

ಬೀಜ ತೆಗೆಸಿದರೆ ಗಂಡು ಕುದುರೆ ಸಾಧು ಆಗುತ್ತದೆ ಎನ್ನುವುದು ಎಲ್ಲರ ಲೆಕ್ಕ. ಹೆಚ್ಚಿನ ಕುದುರೆಗಳಲ್ಲಿ ಈ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕೆಲವು ಕುದುರೆಗಳು ವರ್ಷ ಕಳೆದರೂ ಬದಲಾಗುವುದಿಲ್ಲ. ಹೆಣ್ಣು ಕುದುರೆ ಕಂಡರೆ ಕತ್ತು ಬಾಗಿಸಿ ಕೆನೆಯುತ್ತವೆ, ಮೇಲೆ ಹತ್ತಲು ನೋಡುತ್ತವೆ, ಪಕ್ಕದಲ್ಲಿ ಇನ್ನೊಂದು ಗಂಡು ಬಂದರೆ ಕಚ್ಚಲು ಓಡುತ್ತವೆ. ಆಗ ಮಾಲೀಕರ ಬಾಯಲ್ಲಿ ಬರುವ ಮೊದಲ ಮಾತು, ‘ಆಪರೇಷನ್ ಸರಿಯಾಗಿ ಆಗಿಲ್ಲ’.

ಇದು ಕೆಲವೊಮ್ಮೆ ನಿಜ. ಹೆಚ್ಚಾಗಿ ನಿಜವಲ್ಲ. ಎರಡೂ ಬೀಜ ಸರಿಯಾಗಿ ತೆಗೆದ ಕುದುರೆಗಳಲ್ಲೂ 100ಕ್ಕೆ 20ರಿಂದ 30ರಷ್ಟು ಒಂದಲ್ಲ ಒಂದು ಗಂಡು ಚಾಳಿ ಉಳಿಸಿಕೊಳ್ಳುತ್ತವೆ. ಚಿಕ್ಕ ವಯಸ್ಸಿನಲ್ಲೇ ತೆಗೆಸಿದರೆ ಈ ತೊಂದರೆ ಬರುವುದೇ ಇಲ್ಲ ಎಂಬ ನಂಬಿಕೆಯೂ ಅಷ್ಟೇನೂ ಗಟ್ಟಿಯಲ್ಲ. ಹಾಗಾಗಿ ಊಹೆಯ ಮೇಲೆ ಔಷಧಿ ಕೊಡಿಸುವ ಮೊದಲು, ಒಳಗೆ ಬೀಜ ಉಳಿದಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕು. ಮುಂದಿನ ದಾರಿಯೆಲ್ಲ ಅದರ ಮೇಲೆ ನಿಂತಿದೆ.

ಹಂತ 1: ಆಪರೇಷನ್ ಆಗಿ ಎಷ್ಟು ದಿನವಾಯಿತು?

ಬೀಜ ತೆಗೆದ ಮೇಲೆ ರಕ್ತದಲ್ಲಿ ಟೆಸ್ಟೋಸ್ಟಿರಾನ್, ಅಂದರೆ ಬೀಜದಲ್ಲಿ ಆಗುವ ಗಂಡು ಹಾರ್ಮೋನು, ಬೇಗನೆ ಇಳಿದುಬಿಡುತ್ತದೆ. ಆದರೆ ನಡವಳಿಕೆ ಅಷ್ಟು ಬೇಗ ಇಳಿಯುವುದಿಲ್ಲ. ಕೆಲವು ಕುದುರೆಗಳು ವಾರಗಳಲ್ಲಿ ತಣ್ಣಗಾದರೆ, ಕೆಲವಕ್ಕೆ ಆರು ತಿಂಗಳೂ ಬೇಕಾಗುತ್ತದೆ. ಹಿಂದೆ ಹೆಣ್ಣು ಕುದುರೆಗಳ ಜೊತೆ ಕೂಡಿಸಿದ್ದ ಗಂಡಾದರೆ ಇನ್ನೂ ತಡ. ಆಪರೇಷನ್ ಆಗಿ ಎರಡು ತಿಂಗಳಾಗಿದ್ದರೆ ಇನ್ನೂ ಕಾಯಿರಿ.

ಇನ್ನೊಂದು ವಿಷಯ. ಬೀಜ ತೆಗೆದ ಮೇಲೂ ಒಳಗಿನ ನಾಳಗಳಲ್ಲಿ ವೀರ್ಯಾಣು ಕೆಲವು ದಿನ ಉಳಿದಿರಬಹುದು. ಕನಿಷ್ಠ ಒಂದು ತಿಂಗಳು ಹೆಣ್ಣು ಕುದುರೆಯ ಜೊತೆ ಬಿಡದಿರುವುದು ಜಾಣತನ.

ಹಂತ 2: ನೋಡಿ, ಬರೆದಿಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಮಾಡಿತು, ಯಾವಾಗ, ಎದುರಿಗೆ ಯಾರಿದ್ದರು ಎಂದು ಬರೆಯಿರಿ. ಹೆಣ್ಣು ಕುದುರೆಗಳನ್ನು ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ ಗುಂಪುಗೂಡಿಸಿ ಅಟ್ಟುವುದು, ಬೇರೆ ಕುದುರೆಯ ಲದ್ದಿ ಮೂಸಿ ಅದರ ಮೇಲೇ ಮೂತ್ರ ಹೊಯ್ಯುವುದು, ಮೇಲೆ ಹತ್ತುವುದು, ಗಂಡುಗಳ ಜೊತೆ ಜಗಳ ತೆಗೆಯುವುದು, ಇವೆಲ್ಲ ಗಂಡು ಚಾಳಿಯ ಗುರುತು.

ಆದರೆ ಎಲ್ಲವನ್ನೂ ಈ ಲೆಕ್ಕಕ್ಕೆ ಸೇರಿಸಬೇಡಿ. ಮೇಲ್ದುಟಿ ಸುರುಳಿ ಮಾಡಿ ತಲೆ ಮೇಲೆತ್ತಿ ವಾಸನೆ ಹಿಡಿಯುವುದನ್ನು ಹೆಣ್ಣು ಕುದುರೆಯೂ ಮಾಡುತ್ತದೆ, ಮರಿಯೂ ಮಾಡುತ್ತದೆ. ಲಾಯದಲ್ಲಿ ಸುಮ್ನೆ ನಿಂತಾಗ ಕುದುರೆಯ ಶಿಶ್ನ ನಿಮಿರುವುದು, ಹೊಟ್ಟೆಗೆ ಬಡಿಯುವುದು ಬೀಜ ತೆಗೆದ ಕುದುರೆಗಳಲ್ಲೂ ದಿನನಿತ್ಯದ ಸಂಗತಿ. ಅದನ್ನು ಕಂಡು ಹೊಡೆಯುವವರು ಇದ್ದಾರೆ. ದಯವಿಟ್ಟು ಬೇಡ. ಕುದುರೆಗೆ ಭಯ ಹುಟ್ಟುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ನಿಮ್ಮಲ್ಲಿ ಹೆಣ್ಣು ಕುದುರೆಗಳಿದ್ದರೆ ಅವುಗಳ ಬೆದೆಯನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಹಗಲು ಉದ್ದವಾಗುವ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ, ಐದರಿಂದ ಏಳು ದಿನ ಇರುತ್ತದೆ. ಗಂಡಿನ ಹಾರಾಟ ಆ ದಿನಗಳಿಗೇ ತಾಳೆಯಾದರೆ ಅದನ್ನು ಕೆರಳಿಸುತ್ತಿರುವುದು ಏನು ಎಂದು ಗೊತ್ತಾಯಿತಲ್ವಾ? ಹಾಗಂತ ಪರೀಕ್ಷೆ ಬಿಡಬೇಡಿ. ಒಳಗೆ ಬೀಜ ಉಳಿದ ಕುದುರೆಯೂ ಬೆದೆಗೆ ಹೀಗೇ ಕೆರಳುತ್ತದೆ.

ಹಂತ 3: ಎರಡೂ ಬೀಜ ಹೊರಬಂದಿತ್ತೇ?

ಗಂಡು ಮರಿಯ ಬೀಜಗಳು ಹೊಟ್ಟೆಯೊಳಗೆ ಬೆಳೆದು, ಹುಟ್ಟುವ ಹಿಂದಿನ ಒಂದು ತಿಂಗಳಿಂದ ಹುಟ್ಟಿದ ಹತ್ತು ದಿನದೊಳಗೆ ಕೆಳಗಿಳಿಯುತ್ತವೆ. ಕೆಲವು ಮರಿಗಳಲ್ಲಿ ಒಂದು ಬೀಜ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಸಿಕ್ಕಿಕೊಂಡು ಉಳಿಯುತ್ತದೆ. ಎರಡೂ ಉಳಿಯುವುದು ಅಪರೂಪ. ಹೊಟ್ಟೆಯೊಳಗಿನ ಬಿಸಿಗೆ ಆ ಬೀಜದಲ್ಲಿ ವೀರ್ಯಾಣು ಆಗುವುದಿಲ್ಲ, ಆದರೆ ಹಾರ್ಮೋನು ಆಗುತ್ತಲೇ ಇರುತ್ತದೆ. ಕೆಳಗಿದ್ದ ಒಂದನ್ನು ಮಾತ್ರ ತೆಗೆದು ಮಾರಿದ ಕುದುರೆ ಹೊರಗಿನಿಂದ ನೋಡಲು ಪೂರ್ತಿ ಬೀಜ ತೆಗೆದ ಕುದುರೆಯೇ. ಕೈ ಹಾಕಿ ನೋಡಿ ‘ಏನೂ ಇಲ್ಲ’ ಎಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಕುದುರೆ ನಿಮ್ಮಲ್ಲೇ ಹುಟ್ಟಿದ್ದರೆ ಆಪರೇಷನ್ ಮಾಡಿದ ವೈದ್ಯರನ್ನು ಕೇಳಿ: ಎರಡನ್ನೂ ಕಣ್ಣಾರೆ ನೋಡಿ ತೆಗೆದಿರಾ? ಕೊಂಡು ತಂದ ಕುದುರೆಯಾದರೆ ಹಳೆಯ ಮಾಲೀಕರ ಬಾಯಿಮಾತಿನ ಮೇಲೆ ನಿಲ್ಲಬೇಡಿ.

ಇಲ್ಲಿ ಒಂದು ಹಳೆಯ ಕಥೆಯನ್ನು ಬದಿಗಿಡಬೇಕು. ಬೀಜ ತೆಗೆಯುವಾಗ ಅದಕ್ಕೆ ಅಂಟಿಕೊಂಡ ನಾಳದ ಸುರುಳಿ, ಅಂದರೆ ಎಪಿಡಿಡಿಮಿಸ್, ಸ್ವಲ್ಪ ಉಳಿದರೆ ಕುದುರೆ ಗಂಡಾಗಿಯೇ ಉಳಿಯುತ್ತದೆ ಎಂದು ಕುದುರೆ ಸಾಕುವವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಅದು ವೀರ್ಯಾಣು ಕೂಡಿಡುವ, ಸಾಗಿಸುವ ನಾಳ. ಟೆಸ್ಟೋಸ್ಟಿರಾನ್ ಮಾಡುವ ಕೋಶಗಳು ಬೀಜದ ಒಳಗಿರುತ್ತವೆ, ಆ ನಾಳದಲ್ಲಿ ಇಲ್ಲ. ‘ಚೂರು ಉಳಿದಿದೆ, ಮತ್ತೆ ಕೊಯ್ಯೋಣ’ ಎನ್ನುವವರಿಂದ ದೂರ ಇರಿ.

ಹಂತ 4: ರಕ್ತ ಪರೀಕ್ಷೆ

ಇಡೀ ಕೆಲಸದ ತಿರುಳು ಇದು. ಒಂದೇ ಸಲ ರಕ್ತ ತೆಗೆದು ಟೆಸ್ಟೋಸ್ಟಿರಾನ್ ಮಾತ್ರ ನೋಡಿದರೆ ಮೋಸ ಹೋಗಬಹುದು. ಒಳಗೆ ಬೀಜ ಇದ್ದರೂ ಚಳಿಗಾಲದಲ್ಲಿ, ಎಳೆ ಕುದುರೆಗಳಲ್ಲಿ ಅದರ ಮಟ್ಟ ಕಡಿಮೆ ಕಾಣಿಸುತ್ತದೆ. ದಿನದಿಂದ ದಿನಕ್ಕೂ ಏರಿಳಿತ ಇರುತ್ತದೆ.

ಅದಕ್ಕೇ ಎಚ್‌ಸಿಜಿ ಪರೀಕ್ಷೆ ಇದೆ. ಮೊದಲು ರಕ್ತ ತೆಗೆಯುತ್ತಾರೆ. ಆಮೇಲೆ ಎಚ್‌ಸಿಜಿ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಒಂದೆರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ, ಕೆಲವು ವೈದ್ಯರು ಮರುದಿನ ಅಥವಾ ಅದರ ನಂತರವೂ ಒಂದು ಸಲ ತೆಗೆಯುತ್ತಾರೆ. ಒಳಗೆ ಬೀಜ ಇದ್ದರೆ ಈ ಇಂಜೆಕ್ಷನ್ ಅದನ್ನು ಎಬ್ಬಿಸಿ ಟೆಸ್ಟೋಸ್ಟಿರಾನ್ ಏರಿಸುತ್ತದೆ. ಬೀಜ ಇಲ್ಲದಿದ್ದರೆ ಎರಡೂ ಸಲ ಮಟ್ಟ ಕೆಳಗೇ ಇರುತ್ತದೆ.

ಈಚೆಗೆ ಜಾಸ್ತಿ ಬಳಕೆಯಾಗುತ್ತಿರುವುದು ಎಎಂಎಚ್ ಎಂಬ ಇನ್ನೊಂದು ಹಾರ್ಮೋನಿನ ಪರೀಕ್ಷೆ. ಗಂಡು ಕುದುರೆಯಲ್ಲಿ ಈ ಹಾರ್ಮೋನು ಬರುವುದು ಬೀಜದ ಒಳಗಿನ ಸರ್ಟೋಲಿ ಕೋಶಗಳಿಂದ ಮಾತ್ರ. ಒಂದೇ ಸಲ ರಕ್ತ ತೆಗೆದರೆ ಸಾಕು, ಇಂಜೆಕ್ಷನ್ ಬೇಡ. ಆಪರೇಷನ್ ಆದ ಕೂಡಲೇ ಮಾಡಿಸಬೇಡಿ, ರಕ್ತದಲ್ಲಿ ಉಳಿದಿದ್ದು ಹೋಗಲು ಕೆಲವು ವಾರ ಬಿಡಿ. ಹತ್ತಿರದ ಲ್ಯಾಬಿನಲ್ಲಿ ಸಿಗುವುದಾದರೆ ನನ್ನ ಮೊದಲ ಆಯ್ಕೆ ಇದೇ.

ಈಸ್ಟ್ರೋನ್ ಸಲ್ಫೇಟ್ ಎಂಬ ಹಾರ್ಮೋನನ್ನು ಅಳೆಯುವ ಮೂರನೆಯ ಪರೀಕ್ಷೆಯೂ ಇದೆ. ಮೂರು ವರ್ಷ ತುಂಬದ ಕುದುರೆಗಳಲ್ಲಿ ಇದನ್ನು ನಂಬುವಂತಿಲ್ಲ. ಕತ್ತೆಗಳಿಗಂತೂ ಇದು ಆಗುವುದೇ ಇಲ್ಲ.

ರಿಪೋರ್ಟಿನ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಸಿಕ್ಕ ಅಂಕಿಗಳ ಜೊತೆ ಹೋಲಿಸಬೇಡಿ. ಪ್ರತಿ ಲ್ಯಾಬಿಗೂ ತನ್ನದೇ ಅಳತೆ ಇರುತ್ತದೆ.

ಹಂತ 5: ಬೀಜ ಇದೆ ಎಂದಾದರೆ

ಅಲ್ಟ್ರಾಸೌಂಡ್ ಮಾಡಿಸಿ ಎಲ್ಲಿದೆ ಎಂದು ಹುಡುಕುತ್ತಾರೆ, ಆಮೇಲೆ ಆಪರೇಷನ್. ಹೊಟ್ಟೆಯೊಳಗೆ ಇದ್ದರೆ ಸಣ್ಣ ತೂತುಗಳ ಮೂಲಕ, ಕುದುರೆಯನ್ನು ಮಂಪರಿನಲ್ಲಿ ನಿಲ್ಲಿಸಿಕೊಂಡೇ ಲ್ಯಾಪರೋಸ್ಕೋಪಿಯಿಂದ ತೆಗೆಯುವ ಅನುಕೂಲ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಇದು ಅನುಭವ ಇರುವ ಶಸ್ತ್ರವೈದ್ಯರ ಕೆಲಸ. ಆದ ಮೇಲೆ ಮತ್ತೆ ಹಂತ 1ರ ಹಾಗೆಯೇ ಕಾಯಬೇಕು.

ಹಂತ 6: ಬೀಜ ಇಲ್ಲ ಎಂದಾದರೆ

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ರಿಪೋರ್ಟ್ ಚೊಕ್ಕ, ಕುದುರೆ ಮಾತ್ರ ಹಾಗೇ. ‘ಹಾರ್ಮೋನು ಬೇರೆಲ್ಲಿಂದಲೋ ಬರುತ್ತಿದೆ’ ಎಂದು ಹುಡುಕಾಟ ಶುರುವಾಗುತ್ತದೆ. ಮೂತ್ರಪಿಂಡದ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿ ಸ್ವಲ್ಪ ಗಂಡು ಹಾರ್ಮೋನು ಮಾಡುವುದು ನಿಜ, ಆದರೆ ಅದು ಎಲ್ಲ ಕುದುರೆಗಳಲ್ಲೂ ಇರುತ್ತದೆ. ಕೆಲವೇ ವಾರದ ಗಂಡು ಮರಿ ಕೂಡ ಆಟದಲ್ಲಿ ತಾಯಿಯ ಮೇಲೆ ಹತ್ತುವುದನ್ನು ನೋಡಿರಬಹುದು. ಪ್ರಾಯದ ಹಾರ್ಮೋನು ಏರುವ ಮೊದಲೇ ಈ ನಡವಳಿಕೆ ಅದರಲ್ಲಿ ಇರುತ್ತದೆ. ಬೀಜ ತೆಗೆದರೆ ಅದರ ಜೋರು ಇಳಿಯಬಹುದು, ಬೇರು ಹೋಗುವುದಿಲ್ಲ.

ಹಾಗಾಗಿ ಬದಲಿಸಬೇಕಾದ್ದು ಜೊತೆ ಮತ್ತು ದಿನಚರಿ. ಹೆಣ್ಣು ಕುದುರೆಗಳಿಂದ ಬೇರೆ ಮಾಡಿ. ಒಂದು ಬೇಲಿಯಾಚೆ ನಿಲ್ಲಿಸಿದರೆ ಸಾಲದು, ಕಣ್ಣಿಗೂ ಮೂಗಿಗೂ ದೂರ ಇರಲಿ. ಹಾಗಂತ ಒಂಟಿಯಾಗಿ ಕಟ್ಟಬೇಡಿ. ಬೀಜ ತೆಗೆದ ಬೇರೆ ಗಂಡುಗಳ ಜೊತೆ, ಸಾಕಷ್ಟು ಜಾಗ ಇರುವ ಕಡೆ ಬಿಡಿ. ಗುಂಪನ್ನು ಪದೇ ಪದೇ ಬದಲಿಸಬೇಡಿ. ಹೆಣ್ಣುಗಳಿದ್ದ ಗುಂಪಿನಲ್ಲಿ ರಂಪ ಮಾಡುತ್ತಿದ್ದ ಕುದುರೆ ಗಂಡುಗಳ ಗುಂಪಿನಲ್ಲಿ ಎಷ್ಟೋ ಸಲ ತೆಪ್ಪಗಾಗುತ್ತದೆ. ದಿನಾ ಕೆಲಸ ಕೊಡಿ, ಹೊರಗೆ ಅಡ್ಡಾಡಲು ಬಿಡಿ, ಕಾಳು ಜಾಸ್ತಿ ಹಾಕಿ ಲಾಯದಲ್ಲೇ ನಿಲ್ಲಿಸಬೇಡಿ.

ಮನುಷ್ಯರನ್ನು ಕಚ್ಚುವುದು, ತಳ್ಳುವುದು ಬೇರೆ ವಿಷಯ. ತಾಯಿ ಸತ್ತು ಬಾಟಲಿ ಹಾಲಿನಲ್ಲಿ ಬೆಳೆದ ಮರಿಗಳಲ್ಲಿ ಇದು ಸಾಮಾನ್ಯ. ಮನುಷ್ಯರಿಂದ ಎಷ್ಟು ದೂರ ಇರಬೇಕು ಎಂದು ಅವಕ್ಕೆ ಯಾರೂ ಕಲಿಸಿರುವುದಿಲ್ಲ. ಇದಕ್ಕೆ ನುರಿತ ತರಬೇತುದಾರರು ಬೇಕು, ಹಾರ್ಮೋನಿನ ಔಷಧಿಯಲ್ಲ. ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಔಷಧಿ ಕೊನೆಯ ಮಾತು. ಆಲ್ಟ್ರೆನೊಜೆಸ್ಟ್ ಎಂಬ, ಬೆದೆ ತಡೆಯುವ ಹಾರ್ಮೋನಿನ ಔಷಧಿ ಕೆಲವು ಕುದುರೆಗಳನ್ನು ತಣ್ಣಗೆ ಮಾಡುತ್ತದೆ. ಆದರೆ ಅದನ್ನು ಮಾಡಿರುವುದು ಹೆಣ್ಣು ಕುದುರೆಗಳಿಗೆ, ಚರ್ಮದ ಮೂಲಕವೂ ಅದು ದೇಹ ಸೇರುತ್ತದೆ. ಗರ್ಭಿಣಿಯರು ಮುಟ್ಟಲೇಬಾರದು, ಉಳಿದವರಿಗೂ ಗ್ಲೌಸ್ ಬೇಕು. ಸ್ಪರ್ಧೆಗೆ ಹೋಗುವ ಕುದುರೆಯಾದರೆ ನಿಯಮ ನೋಡಿಕೊಳ್ಳಿ. ಬೀಜದ ಕೆಲಸ ನಿಲ್ಲಿಸುವ ಜಿಎನ್‌ಆರ್‌ಎಚ್ ಲಸಿಕೆಯನ್ನು ಬೀಜವೇ ಇಲ್ಲದ ಕುದುರೆಗೆ ಚುಚ್ಚಿಸಿ ಏನು ಪ್ರಯೋಜನ?

ಇದ್ದಕ್ಕಿದ್ದಂತೆ ಶುರುವಾದರೆ

ವರ್ಷಗಟ್ಟಲೆ ಸಾಧುವಾಗಿದ್ದ ಕುದುರೆ ಏಕಾಏಕಿ ಬದಲಾದರೆ ಬೇರೆ ದಾರಿಯಲ್ಲಿ ಹುಡುಕಿ. ಸ್ನಾಯು ಬೆಳೆಸಲು ಯಾರಾದರೂ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆಯೇ? ಶಿಶ್ನದ ಸುತ್ತ ಗಸಿ ಗಟ್ಟಿಯಾಗಿ ನೋಯುತ್ತಿದೆಯೇ? ಹೊಟ್ಟೆಯಲ್ಲಿ ಹುಣ್ಣೇ? ನೋವಿನ ಸಿಡುಕು ಕೆಲವೊಮ್ಮೆ ಗಂಡು ಚಾಳಿಯ ಹಾಗೇ ಕಾಣುತ್ತದೆ. ಅಡ್ರಿನಲ್ ಗ್ರಂಥಿಯ ಗಡ್ಡೆ ಬಹಳ ಅಪರೂಪ. ವಯಸ್ಸಾದ ಕುದುರೆಗಳಲ್ಲಿ ಬರುವ ಕುಶಿಂಗ್ಸ್ ಕಾಯಿಲೆಯ ಹೆಸರೂ ಇಲ್ಲಿ ಕೇಳಿಬರುತ್ತದೆ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆ. ಉದುರದ ಉದ್ದ ಕೂದಲು, ಕರಗುವ ಸ್ನಾಯು, ಗೊರಸಿನ ನೋವು, ಅತಿ ಬಾಯಾರಿಕೆ ಅದರ ಗುರುತು. ರಕ್ತದಲ್ಲಿ ಎಸಿಟಿಎಚ್ ಎಂಬ ಹಾರ್ಮೋನಿನ ಪರೀಕ್ಷೆಯಿಂದ ಗೊತ್ತಾಗುತ್ತದೆ, ಪರ್ಗೊಲೈಡ್ ಎಂಬ ಔಷಧಿ ಇದೆ. ಆದರೆ ಈ ಕಾಯಿಲೆಯಲ್ಲಿ ಕುದುರೆ ಸಾಮಾನ್ಯವಾಗಿ ಮಂಕಾಗುತ್ತದೆ, ಜೋರಾಗುವುದಿಲ್ಲ.

ಪರೀಕ್ಷೆಯ ರಿಪೋರ್ಟನ್ನು ಎಸೆಯಬೇಡಿ. ನಾಳೆ ಕುದುರೆಯನ್ನು ಮಾರಿದರೆ ಕಾಗದಪತ್ರಗಳ ಜೊತೆ ಅದನ್ನೂ ಕೊಡಿ, ಕುದುರೆಯನ್ನು ಹೆಣ್ಣುಗಳ ಜೊತೆ ಬಿಡುವಂತಿಲ್ಲ ಎಂಬುದನ್ನೂ ಅದರಲ್ಲೇ ಬರೆದುಕೊಡಿ.