ನೆದರ್‌ಲ್ಯಾಂಡ್ಸ್‌ನ ಹಳ್ಳಿಯಲ್ಲಿ ಮನೆ ಕೊಳ್ಳುವ ಮುನ್ನ ಏನೇನು ನೋಡಬೇಕು

ಕಾಗದಪತ್ರದ ಮಟ್ಟಿಗೆ ಆಮ್‌ಸ್ಟರ್‌ಡ್ಯಾಮ್‌ನ ಫ್ಲ್ಯಾಟಿಗೂ ಡ್ರೆಂಥೆಯ ಪುಟ್ಟ ಹಳ್ಳಿಯ ಮನೆಗೂ ದಾರಿ ಒಂದೇ. ವ್ಯತ್ಯಾಸ ಇರುವುದು ಮನೆಯ ತಳಪಾಯದಲ್ಲಿ, ಸುತ್ತಲಿನ ಹೊಲದಲ್ಲಿ, ಪುರಸಭೆಯ ವಲಯ ನಕ್ಷೆಯಲ್ಲಿ. ಹಳ್ಳಿಮನೆ ಕಡಿಮೆ ಬೆಲೆಗೆ ಸಿಕ್ಕಿತೆಂದು ತಪಾಸಣೆಯ ಖರ್ಚು ಉಳಿಸಿದವರು ಆಮೇಲೆ ಅದರ ಹತ್ತಿಪ್ಪತ್ತು ಪಟ್ಟು ತೆರಬೇಕಾಗುತ್ತದೆ. ಹಾಗಾಗಿ ಹಳ್ಳಿಮನೆಗೆ ತಪಾಸಣೆ ಇನ್ನೂ ಬಿಗಿಯಾಗಿರಲಿ.

ಮೊದಲು ದುಡ್ಡಿನ ಲೆಕ್ಕ. ಬ್ಯಾಂಕು ಸಾಲ ಕೊಡುವುದು ನೀವು ಒಪ್ಪಿದ ಬೆಲೆಯ ಮೇಲಲ್ಲ, ಮೌಲ್ಯಮಾಪಕರು ಬರೆದುಕೊಟ್ಟ ಮೌಲ್ಯದ ಮೇಲೆ; ಅದರ ಶೇ. 100 ದಾಟುವಂತಿಲ್ಲ. ಇನ್ಸುಲೇಷನ್, ಹೀಟ್ ಪಂಪ್‌ನಂಥ ಇಂಧನ ಉಳಿಸುವ ಕೆಲಸಕ್ಕಾದರೆ ಮಾತ್ರ ಶೇ. 106ರವರೆಗೆ ಅವಕಾಶವಿದೆ. ಎನರ್ಜಿ ಲೇಬಲ್ ಎಫ್ ಅಥವಾ ಜಿ (ಇಂಧನ ದಕ್ಷತೆಯ ಕೊನೆಯ ದರ್ಜೆಗಳು) ಇರುವ ಹಳೆಯ ಹಳ್ಳಿಮನೆ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ, ಸಲಹೆಗಾರರ ಬಳಿ ಮೊದಲ ಭೇಟಿಯಲ್ಲೇ ಕೇಳಿ.

ಒಂದು ಉದಾಹರಣೆ ನೋಡಿ. ನೀವು 3,70,000 ಯೂರೋಗೆ ಬಿಡ್ ಗೆದ್ದಿರಿ, ಮೌಲ್ಯಮಾಪನ ಬಂದದ್ದು 3,55,000. ನಡುವಿನ 15,000 ನಿಮ್ಮ ಉಳಿತಾಯದಿಂದ ಬರಬೇಕು. ಜಾಹೀರಾತಿನಲ್ಲಿ ಬೆಲೆಯ ಪಕ್ಕ ‘ಕೆ.ಕೆ.’ ಎಂದಿದ್ದರೆ ವರ್ಗಾವಣೆ ತೆರಿಗೆಯೂ ನೋಟರಿ ಖರ್ಚೂ ಕೊಳ್ಳುವವರ ಪಾಲು. ನೀವೇ ವಾಸಿಸುವ ಮನೆಗೆ ಆ ತೆರಿಗೆ ಶೇ. 2, ಅಂದರೆ 7,400 ಯೂರೋ. ನೋಟರಿ, ಮೌಲ್ಯಮಾಪನ, ಸಾಲದ ಸಲಹೆಗಾರ, ಕಟ್ಟಡ ತಪಾಸಣೆ, ನಿಮ್ಮ ಪರ ಮಕೇಲಾರ್ (ಮನೆ ದಲ್ಲಾಳಿ) ಎಲ್ಲ ಸೇರಿ ಸುಮಾರು 8,000 ಎಂದಿಟ್ಟುಕೊಳ್ಳಿ. ಒಟ್ಟು 30,400 ಯೂರೋ ಕೈಯಲ್ಲಿರಬೇಕು. 35 ತುಂಬದವರಿಗೆ ಜೀವನದಲ್ಲಿ ಒಂದು ಸಲ ಈ ತೆರಿಗೆಯಿಂದ ವಿನಾಯಿತಿ ಇದೆ. 2025ರಲ್ಲಿ ಅದಕ್ಕೆ ಮನೆಯ ಬೆಲೆಯ ಮಿತಿ 5,25,000 ಯೂರೋ ಇತ್ತು. ಬಡ್ಡಿ ತುಸು ಇಳಿಸುವ ಎನ್‌ಎಚ್‌ಜಿ (ರಾಷ್ಟ್ರೀಯ ಗೃಹಸಾಲ ಖಾತರಿ) ಪಡೆಯಲು ಮನೆಯ ಬೆಲೆಯ ಮಿತಿ ಅದೇ ವರ್ಷ 4,50,000, ಶುಲ್ಕ ಸಾಲದ ಶೇ. 0.4. ಇಂಥ ಮಿತಿಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ, ಆ ವರ್ಷದ ಅಂಕಿಯನ್ನೇ ಹಿಡಿಯಿರಿ.

ನಿಶ್ಶಬ್ದವನ್ನೂ ಪರೀಕ್ಷಿಸಿ

ಮನೆ ತೋರಿಸುವುದು ಸಾಮಾನ್ಯವಾಗಿ ಅರ್ಧ ಗಂಟೆ, ಅದೂ ವಾರದ ನಡುವಿನ ಮಧ್ಯಾಹ್ನ. ಆ ಹೊತ್ತಿಗೆ ಯಾವ ಹಳ್ಳಿಯಾದರೂ ಶಾಂತವಾಗಿಯೇ ಇರುತ್ತದೆ. ಕೆಲಸದ ದಿನ ಬೆಳಗ್ಗೆ ಏಳೂವರೆಗೆ ಇನ್ನೊಮ್ಮೆ ಹೋಗಿ: ಹಳ್ಳಿಯ ರಸ್ತೆ ಹೆದ್ದಾರಿಯ ಅಡ್ಡದಾರಿಯಾಗಿದ್ದರೆ ಆಗ ಗೊತ್ತಾಗುತ್ತದೆ. ಬಿಸಿಲಿರುವ ಭಾನುವಾರ ಮತ್ತೊಮ್ಮೆ ಹೋಗಿ: ನದಿಯ ಒಡ್ಡಿನ ಮೇಲಿನ ತಿರುವು ರಸ್ತೆಗಳೆಂದರೆ ಮೋಟರ್‌ಸೈಕಲ್‌ನವರಿಗೆ ಬಲು ಇಷ್ಟ, ಬೇಸಿಗೆಯ ವಾರಾಂತ್ಯ ಪೂರ್ತಿ ಸದ್ದು. ಲೇವಾರ್ಡನ್ ಮತ್ತು ಫೋಲ್ಕೆಲ್ ವಾಯುನೆಲೆಗಳಿಂದ ಎಫ್-35 ಯುದ್ಧವಿಮಾನಗಳು ಹಾರುತ್ತವೆ, ಅದೂ ಹೆಚ್ಚಾಗಿ ಕೆಲಸದ ದಿನಗಳಲ್ಲಿ. ಅವುಗಳ ಹಾದಿಯಲ್ಲಿರುವ ಹಳ್ಳಿಯಲ್ಲಿ ಶನಿವಾರ ಮನೆ ನೋಡಿದರೆ ಏನೂ ತಿಳಿಯುವುದಿಲ್ಲ.

ಇನ್ನು ವಾಸನೆ. ಹುಲ್ಲುಗಾವಲಿಗೆ ದ್ರವಗೊಬ್ಬರ ಹಾಕುವುದು ಫೆಬ್ರವರಿ ಮಧ್ಯದಿಂದ ಶುರುವಾಗುತ್ತದೆ. ಅದು ಕೆಲವು ದಿನದ ಮಾತು, ಹಳ್ಳಿ ಎಂದ ಮೇಲೆ ಇರುವುದೇ. ಆದರೆ ಬ್ರಾಬಾಂಟ್ ಮತ್ತು ಉತ್ತರ ಲಿಂಬರ್ಗ್‌ನ ಪೇಲ್ ಪ್ರದೇಶದಲ್ಲಿ ದೊಡ್ಡ ಹಂದಿ ಫಾರ್ಮ್‌ಗಳಿವೆ, ಅವುಗಳ ವಾಸನೆಗೆ ಋತುವಿಲ್ಲ. ನೈಋತ್ಯದಿಂದ ಗಾಳಿ ಬೀಸುವುದೇ ಹೆಚ್ಚು, ಆ ದಿಕ್ಕಿನಲ್ಲಿ ಕೊಟ್ಟಿಗೆ ಇದೆಯೇ ಎಂದು ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ. ಪಕ್ಕದ ಮನೆಯವರನ್ನು ಮಾತಾಡಿಸಿ. ಬೇಲಿಯಾಚೆ ನಿಂತು ಹತ್ತು ನಿಮಿಷ ಮಾತಾಡಿದರೆ ಯಾವ ವರದಿಯಲ್ಲೂ ಇಲ್ಲದ್ದು ಸಿಗುತ್ತದೆ.

ವಲಯ ನಕ್ಷೆ ನೋಡುವುದಕ್ಕೆ ದುಡ್ಡು ಬೇಡ. 2024ರ ಜನವರಿ 1ರಿಂದ ಜಾರಿಗೆ ಬಂದ ಓಮ್‌ಖೇವಿಂಗ್ಸ್‌ವೆಟ್ (ಪರಿಸರ ಮತ್ತು ಯೋಜನೆ) ಕಾನೂನಿನಡಿ ಎಲ್ಲ ನಿಯಮಗಳೂ ಓಮ್‌ಖೇವಿಂಗ್ಸ್‌ಲೊಕೆಟ್ ತಾಣದ ನಕ್ಷೆಯಲ್ಲಿವೆ. ವಿಳಾಸ ಹಾಕಿ, ಆ ಜಾಗ ವಾಸಕ್ಕೆಂದೇ ಗುರುತಾಗಿದೆಯೇ ನೋಡಿ. ಫೆಲುವೆಯ ಕಾಡಂಚಿನಲ್ಲಿ ಕಡಿಮೆ ಬೆಲೆಗೆ ಕಾಣುವ ಮರದ ಮನೆಗಳಲ್ಲಿ ಎಷ್ಟೋ ರಜಾ ಮನೆಗಳು. ಅಲ್ಲಿ ವರ್ಷಪೂರ್ತಿ ವಾಸಿಸಿದರೆ ಪುರಸಭೆ ದಂಡ ಹಾಕಬಹುದು, ಸಾಮಾನ್ಯ ಗೃಹಸಾಲವೂ ಸುಲಭಕ್ಕೆ ಸಿಗದು. ಕೃಷಿ ವಲಯದ ತೋಟದ ಮನೆಗಳಿಗೂ ಇಂಥದೇ ತೊಡಕು. ನಿಮ್ಮ ಜಾಗದ ಜೊತೆಗೆ ಎದುರಿನ ಖಾಲಿ ಹೊಲದ ಮೇಲೂ ಒತ್ತಿ ನೋಡಿ. ಅಲ್ಲಿ ಏನು ಕಟ್ಟಬಹುದು ಎಂಬುದು ಅಲ್ಲೇ ಬರೆದಿರುತ್ತದೆ.

ನೆಲದಡಿ

ಹೆಚ್ಚು ದುಡ್ಡು ಹೋಗುವುದು ಇಲ್ಲಿ. ಪಶ್ಚಿಮದ ತಗ್ಗು ಪ್ರದೇಶ ಮತ್ತು ಫ್ರೀಸ್‌ಲ್ಯಾಂಡ್‌ನ ಎಷ್ಟೋ ಕಡೆ ನೆಲ ಜೇಡಿ ಅಥವಾ ಪೀಟ್ (ಅರೆಕೊಳೆತ ಸಸ್ಯಗಳ ಮೆದು) ಮಣ್ಣು. ಹಳೆಯ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಕಂಬದ ತಲೆ ನೀರೊಳಗಿರುವವರೆಗೂ ಅದಕ್ಕೇನೂ ಆಗದು. ಅಂತರ್ಜಲ ಇಳಿದು ಗಾಳಿ ತಗುಲಿತೋ, ಶಿಲೀಂಧ್ರ ಹತ್ತಿ ಕೊಳೆಯತೊಡಗುತ್ತದೆ. 2018ರಂಥ ಬರದ ಬೇಸಿಗೆಗಳು ಇದನ್ನು ಜೋರು ಮಾಡಿವೆ. ಕಂಬವೇ ಇಲ್ಲದೆ ನೇರ ಮಣ್ಣಿನ ಮೇಲೆ ಕಟ್ಟಿದ ಮನೆಗಳು ಮಣ್ಣು ಒಣಗಿ ಕುಗ್ಗಿದಾಗ ಒಂದು ಕಡೆ ಕುಸಿಯುತ್ತವೆ. ಡ್ರೆಂಥೆ, ಫೆಲುವೆ, ಆಖ್ಟರ್‌ಹೂಕ್‌ನ ಮರಳು ನೆಲದಲ್ಲಿ ಈ ಭಯ ಕಡಿಮೆ.

ಮನೆ ನೋಡಲು ಹೋಗುವಾಗ ಒಂದು ರಸಮಟ್ಟ ಒಯ್ಯಿರಿ. ಕಿಟಕಿಯ ಹೊಸ್ತಿಲ ಮೇಲೂ ಹೊರಗೋಡೆಯ ಇಟ್ಟಿಗೆ ಸಾಲಿನ ಮೇಲೂ ಇಟ್ಟು, ಗುಳ್ಳೆ ಎತ್ತ ಸರಿಯುತ್ತದೆ ನೋಡಿ. ಮೂಲೆಯಿಂದ ಕಿಟಕಿಯತ್ತ ಮೆಟ್ಟಿಲಿನಂತೆ ಏರುವ ಬಿರುಕು, ಚೌಕಟ್ಟಿಗೆ ಉಜ್ಜುವ ಬಾಗಿಲು, ಗೋಡೆಯಲ್ಲಿ ಒಂದೇ ಕಡೆ ಬೇರೆ ಬಣ್ಣದ ಹೊಸ ಗಾರೆ ಕಂಡರೆ ಅಲ್ಲೇ ನಿಂತು ಪ್ರಶ್ನೆ ಕೇಳಿ. ಕೆಲವು ನೂರು ಯೂರೋದ ಮಾಮೂಲು ಕಟ್ಟಡ ತಪಾಸಣೆಯಲ್ಲಿ ತಳಪಾಯ ಅಗೆದು ನೋಡುವುದಿಲ್ಲ. ಅದಕ್ಕೆ ಗುಂಡಿ ತೋಡಿ ಮಾಡುವ ಪ್ರತ್ಯೇಕ ಪರೀಕ್ಷೆ ಬೇಕು, ಖರ್ಚು ಕೆಲವು ಸಾವಿರ. ತಳಪಾಯವನ್ನೇ ಹೊಸದು ಮಾಡಿಸುವ ಖರ್ಚು 1,00,000 ಯೂರೋ ಸಹ ಮುಟ್ಟಬಹುದು, ಹೀಗಾಗಿ ಅನುಮಾನ ಬಂದಲ್ಲಿ ಪರೀಕ್ಷೆ ಬಿಡಲೇಬಾರದು.

ಗ್ರೋನಿಂಗನ್ ಪ್ರಾಂತ್ಯದ್ದು ಬೇರೆ ಕಥೆ. ಅನಿಲ ತೆಗೆದದ್ದರಿಂದ ಅಲ್ಲಿ ಭೂಕಂಪಗಳಾದವು. 2012ರಲ್ಲಿ ಹೌಜಿಂಗೆಯಲ್ಲಿ ಆದದ್ದು 3.6 ತೀವ್ರತೆಯದು. 2024ರಲ್ಲಿ ಅನಿಲ ಕ್ಷೇತ್ರವನ್ನು ಕಾಯಂ ಮುಚ್ಚಿದ್ದಾರೆ, ಆದರೆ ಮನೆಗಳ ದುರಸ್ತಿ, ಬಲಪಡಿಸುವ ಕೆಲಸ ಮುಗಿದಿಲ್ಲ. ಆ ಮನೆಯ ಹಾನಿಯ ಕಡತ ಕೇಳಿ. ಬಾಕಿ ಪರಿಹಾರ ಯಾರಿಗೆ ಸೇರಬೇಕು ಎಂಬುದನ್ನು ಒಪ್ಪಂದದಲ್ಲಿ ಬರೆಸಿ.

ಉಳಿದವು ಚಿಕ್ಕವು, ಆದರೂ ಬಿಡುವಂತಿಲ್ಲ. ನೆಲದ ಮುಚ್ಚಳ ಎತ್ತಿಸಿ, ಮನೆಯಡಿ ತೆವಳಿಕೊಂಡು ಹೋಗುವ ಜಾಗಕ್ಕೆ ಟಾರ್ಚ್ ಬಿಡಿ: ನೀರು ನಿಂತಿದೆಯೇ, ತೊಲೆಯ ತುದಿ ಕಪ್ಪಾಗಿದೆಯೇ? 1994ಕ್ಕೆ ಮೊದಲಿನ ಶೆಡ್ಡಿನ ಸುಕ್ಕು ಹಾಳೆಯ ಚಾವಣಿ ಆಸ್ಬೆಸ್ಟಾಸ್ ಇರಬಹುದು. 1960ಕ್ಕೆ ಮೊದಲಿನ ಮನೆಯಲ್ಲಿ ನೀರಿನ ಪೈಪ್ ಸೀಸದ್ದೇ ಎಂದು ಕೇಳಿ. ಅಂಗಳದಡಿ ಹಳೆಯ ಎಣ್ಣೆ ಟ್ಯಾಂಕ್ ಹೂತಿದ್ದರೆ ಅದನ್ನು ಶುಚಿ ಮಾಡಿಸಿದ್ದಕ್ಕೆ ಕಿವಾ (ಗುಣಮಟ್ಟ ಪ್ರಮಾಣೀಕರಣ ಸಂಸ್ಥೆ) ಪ್ರಮಾಣಪತ್ರ ಬೇಕು. ಒಂಟಿ ಮನೆಯಾದರೆ ಒಳಚರಂಡಿ ಸಂಪರ್ಕ ಇದೆಯೋ, ಸ್ವಂತ ಶುದ್ಧೀಕರಣ ಟ್ಯಾಂಕೋ ವಿಚಾರಿಸಿ. ಜಾಗದ ಅಂಚಿನ ಕಾಲುವೆ ನಿಮ್ಮದಾದರೆ ಅದರ ಕಳೆ ತೆಗೆಯುವ ಹೊಣೆ ನಿಮ್ಮ ಮೇಲೆ ಬೀಳಬಹುದು. ಶರತ್ಕಾಲದಲ್ಲಿ ಕಾಲುವೆಗಳ ಉಸ್ತುವಾರಿ ಹೊತ್ತ ಜಲಮಂಡಳಿಯವರು ಬಂದು ನೋಡುತ್ತಾರೆ. ಪಕ್ಕದವರು ನಿಮ್ಮ ಅಂಗಳದ ಮೂಲಕ ಓಡಾಡುವ ಹಕ್ಕಿದ್ದರೆ ಅದು ಹಳೆಯ ಕ್ರಯಪತ್ರದಲ್ಲಿರುತ್ತದೆ. ಅದರ ಪ್ರತಿಯನ್ನು ಬಿಡ್‌ಗೆ ಮೊದಲೇ ಮಕೇಲಾರ್‌ನಿಂದ ಪಡೆಯಿರಿ.

ಬಿಡ್, ಸಹಿ, ಬೀಗದ ಕೈ

ಮಾರುವವರ ಮಕೇಲಾರ್ ಎಷ್ಟೇ ಸ್ನೇಹದಿಂದ ಮಾತಾಡಲಿ, ಅವರು ಕೆಲಸ ಮಾಡುವುದು ಮಾರುವವರಿಗಾಗಿ. ಬಿಡ್‌ನಲ್ಲಿ ಬೆಲೆಯ ಜೊತೆಗೆ ಷರತ್ತುಗಳನ್ನೂ ಬರೆಯಿರಿ: ಸಾಲ ಸಿಗದಿದ್ದರೆ ಹಿಂದೆ ಸರಿಯುವ ಹಕ್ಕು, ಮತ್ತು ತಪಾಸಣೆಯಲ್ಲಿ ಕಂಡ ತುರ್ತು ದುರಸ್ತಿ ಇಂತಿಷ್ಟು ಯೂರೋ ದಾಟಿದರೆ ಹಿಂದೆ ಸರಿಯುವ ಹಕ್ಕು. ಬಿಡ್ ಗೆಲ್ಲಲು ಷರತ್ತುಗಳನ್ನು ಕೈಬಿಡಿ ಎಂಬ ಸಲಹೆ ಬರುತ್ತದೆ. ಪೀಟ್ ನೆಲದ ಹಳೆಯ ಮನೆಗೆ ಅದನ್ನು ಒಪ್ಪಬೇಡಿ. ಬೇಕಿದ್ದರೆ ಬಿಡ್‌ಗೆ ಮೊದಲೇ ತಪಾಸಣೆ ಮಾಡಿಸಿ, ಆಗ ಷರತ್ತು ಬಿಡಲು ಧೈರ್ಯ ಬರುತ್ತದೆ.

ಬಾಯಿಮಾತಿನ ಒಪ್ಪಿಗೆ ಯಾರನ್ನೂ ಕಟ್ಟಿಹಾಕದು, ಒಪ್ಪಂದ ಬರಹದಲ್ಲಿರಬೇಕು. ಇಬ್ಬರ ಸಹಿಯಾದ ಪ್ರತಿ ನಿಮ್ಮ ಕೈಸೇರಿದ ಮರುದಿನದಿಂದ ಮೂರು ದಿನ ಕಾರಣ ಹೇಳದೆ ಹಿಂದೆ ಸರಿಯಬಹುದು. ಅದರಲ್ಲಿ ಕನಿಷ್ಠ ಎರಡು ಕೆಲಸದ ದಿನ ಇರಬೇಕು. ಆಮೇಲೆ ಷರತ್ತಿನ ಆಧಾರವಿಲ್ಲದೆ ಬಿಟ್ಟರೆ ಸಾಮಾನ್ಯವಾಗಿ ಬೆಲೆಯ ಶೇ. 10 ದಂಡ. ಅಷ್ಟೇ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿಯನ್ನು ನೋಟರಿಗೆ ಕೊಡಬೇಕಾಗುತ್ತದೆ. ಹಳೆಯ ಮನೆಯ ಒಪ್ಪಂದದಲ್ಲಿ ‘ಔಡರ್‌ಡಮ್ಸ್‌ಕ್ಲೌಸುಲೆ’ ಎಂಬ ಕಲಮು ಇದ್ದೇ ಇರುತ್ತದೆ: ಮನೆಗೆ ವಯಸ್ಸಾಗಿದೆ, ಅದರಿಂದ ಬರುವ ದೋಷ ನಿಮ್ಮ ತಲೆಗೆ ಎಂದು ಅದರ ತಾತ್ಪರ್ಯ. ಅದಕ್ಕೆ ಸಹಿ ಹಾಕುವ ಮೊದಲು ತಪಾಸಣೆ ವರದಿ ಕೈಯಲ್ಲಿರಲಿ, ಇಲ್ಲವೇ ತಪಾಸಣೆಯ ಷರತ್ತು ಒಪ್ಪಂದದಲ್ಲಿರಲಿ.

ನೋಟರಿಯನ್ನು ಸಾಮಾನ್ಯವಾಗಿ ಕೊಳ್ಳುವವರೇ ಆರಿಸುತ್ತಾರೆ, ಮೂರು ಕಡೆ ದರ ಕೇಳಿ. ನೋಟರಿಯ ಮುಂದೆ ಸಹಿ ಹಾಕುವ ವರ್ಗಾವಣೆ ಪತ್ರ ಡಚ್ ಭಾಷೆಯಲ್ಲಿ ಇರುತ್ತದೆ. ಭಾಷೆ ಸಾಲದಿದ್ದರೆ ಪ್ರಮಾಣಿತ ಅನುವಾದಕರನ್ನು ಮೊದಲೇ ಗೊತ್ತುಮಾಡಿ. ಈ ಸಹಿಯ ದಿನ ಬೆಳಗ್ಗೆ ಮನೆಯ ಕೊನೆಯ ಪರಿಶೀಲನೆ ಇರುತ್ತದೆ: ಎಲ್ಲ ನಲ್ಲಿ ತಿರುಗಿಸಿ, ಬಾಯ್ಲರ್ ಹೊತ್ತಿಸಿ, ಮೀಟರ್‌ಗಳ ಫೋಟೋ ತೆಗೆಯಿರಿ, ಬಿಟ್ಟುಹೋಗುವ ವಸ್ತುಗಳ ಪಟ್ಟಿ ಹಿಡಿದು ಒಂದೊಂದನ್ನೂ ನೋಡಿ. ಕಡಾಸ್ಟರ್‌ನಲ್ಲಿ (ಭೂದಾಖಲೆ ಕಚೇರಿ) ನೋಂದಣಿ ಆದಾಗ ಮನೆ ನಿಮ್ಮದು.

ಕಟ್ಟಡ ವಿಮೆ ಆ ದಿನದಿಂದಲೇ ಶುರುವಾಗಿರಬೇಕು, ಸಾಲ ಕೊಟ್ಟ ಬ್ಯಾಂಕೂ ಕೇಳುತ್ತದೆ. ಮನೆಗೆ ಹುಲ್ಲಿನ ಚಾವಣಿ ಇದ್ದರೆ ವಿಮೆಯ ಕಂತು ಗಣನೀಯವಾಗಿ ಹೆಚ್ಚು, ಕೆಲವು ವಿಮಾ ಕಂಪನಿಗಳು ಅಂಥ ಮನೆಯನ್ನು ಮುಟ್ಟುವುದೇ ಇಲ್ಲ. ವಿಮೆಯ ದರಪಟ್ಟಿಯನ್ನು ಷರತ್ತುಗಳ ಗಡುವು ಮುಗಿಯುವ ಮೊದಲೇ ತರಿಸಿಕೊಳ್ಳಿ.